ಡ್ರ್ಯಾಗನ್ನುಗಳ ಕಟ್ಟು: ಗ್ರಹಚಾರವೋ, ಗಣಿತವೋ?

ಆಟಿ ತಿಂಗಳ ಮಳೆ ಕಾರ್ಕಳದಲ್ಲಿ ಒಮ್ಮೆ ಹಿಡಿಯಿತೆಂದರೆ ಮೈದಾನದ ಆಟಗಳೆಲ್ಲ ನಿಂತುಹೋಗುತ್ತವೆ. ಆಗ ನಮ್ಮ ವಿದ್ಯಾರ್ಥಿಗಳು ಕಾಲೇಜಿನ ಜಗಲಿಯಲ್ಲಿ ಸಾಲಾಗಿ ಕುಳಿತು ಮೊಬೈಲಿನ ಪರದೆಯ ಮೇಲೆ ಎಲೆಯಾಟದಲ್ಲಿ ಮುಳುಗುತ್ತಾರೆ. ಅಂತಹ ಒಂದು ಸಂಜೆ ಬಿ.ಎಸ್‌ಸಿ. ತರಗತಿಯ ವಿದ್ಯಾರ್ಥಿಯೊಬ್ಬನು ನನ್ನ ಬಳಿಗೆ ಬಂದನು. ಮುಖ ಬಾಡಿತ್ತು. “ನನ್ನ ಗ್ರಹಚಾರವೇ ಸರಿಯಿಲ್ಲ, ಸರ್. ಸಾಲಾಗಿ ಐದು ಆಟ ಸೋತೆ. ಬೇಕಾದ ಎಲೆ ಬರುವುದೇ ಇಲ್ಲ. ಯಂತ್ರವೇ ಮೋಸ ಮಾಡುತ್ತದೆಯೋ ಏನೋ!” ಎಂದನು. ಊಟದ ಖರ್ಚಿಗೆಂದು ಮನೆಯವರು ಕಳುಹಿಸಿದ್ದ ಹಣದಿಂದ ಇನ್ನಷ್ಟು ಎಲೆಗಳನ್ನು ಕೊಳ್ಳುವ ಯೋಚನೆಯೂ ಅವನಿಗಿತ್ತು. ಕೊಳ್ಳುವ ಮೊದಲು ಲೆಕ್ಕ ಹಾಕೋಣ ಎಂದೆ. ಆ ಲೆಕ್ಕವನ್ನೇ ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ.

ಆಟದ ಸ್ವರೂಪ

ಎಲೆಯಾಟ ಕನ್ನಡ ನಾಡಿಗೆ ಹೊಸದಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯಲ್ಲಿ ಕೌತುಕನಿಧಿ ಎಂಬ ಭಾಗವು ಗಂಜೀಫಾ ಆಟದ ಹಲವು ಬಗೆಗಳನ್ನು ವರ್ಣಿಸುತ್ತದೆ. ದಶಾವತಾರ ಗಂಜೀಫಾದಲ್ಲಿ ಅವತಾರಕ್ಕೆ ಹನ್ನೆರಡರಂತೆ 120 ಎಲೆಗಳು. ಗಂಜೀಫಾ ಆಗಲಿ ಇಸ್ಪೀಟಾಗಲಿ, ಆಡುವವರೆಲ್ಲರಿಗೂ ಎಲೆ ಹಂಚುವುದು ಒಂದೇ ಕಟ್ಟಿನಿಂದ. ನಮ್ಮ ವಿದ್ಯಾರ್ಥಿಯ ಆಟದಲ್ಲಾದರೋ ಪ್ರತಿಯೊಬ್ಬನೂ ತನ್ನ ಕಟ್ಟನ್ನು ತಾನೇ ಆರಿಸಿ ಜೋಡಿಸಿಕೊಂಡು ಬರುತ್ತಾನೆ. ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞನು ರೂಪಿಸಿ 1993ರಲ್ಲಿ ಪ್ರಕಟವಾದ ‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಆಟದಿಂದ ಈ ಪದ್ಧತಿ ಪ್ರಸಿದ್ಧಿಗೆ ಬಂತು. ಇಲ್ಲಿ ಆಟದ ಅರ್ಧಭಾಗ ಕಟ್ಟನ್ನು ಕಟ್ಟುವಾಗಲೇ ಮುಗಿದಿರುತ್ತದೆ.

ವಿದ್ಯಾರ್ಥಿಯು ಆಡುತ್ತಿದ್ದುದು 2014ರಲ್ಲಿ ಬಿಡುಗಡೆಯಾದ ‘ಹಾರ್ತ್‌ಸ್ಟೋನ್’ ಎಂಬ ಗಣಕಯಂತ್ರದ ಆಟ. ಅದರ ಮುಖ್ಯ ನಿಯಮಗಳು ಸರಳವಾಗಿವೆ. ಕಟ್ಟಿನಲ್ಲಿ 30 ಎಲೆಗಳು. ಒಂದೇ ಎಲೆಯ ಪ್ರತಿಗಳು ಎರಡನ್ನು ಮೀರಕೂಡದು. ‘ಲೆಜೆಂಡರಿ’ ಎಂಬ ಅಪರೂಪದ ಎಲೆಯಾದರೆ ಒಂದೇ. ಪ್ರತಿಯೊಂದು ಎಲೆಗೂ ಒಂದು ಬೆಲೆಯುಂಟು. ಅದನ್ನು ಮಾಂತ್ರಿಕ ಹರಳುಗಳಿಂದ ತೆರಬೇಕು. ಮೊದಲ ಸರದಿಗೆ ಒಂದು ಹರಳು, ಎರಡನೆಯದಕ್ಕೆ ಎರಡು, ಹೀಗೆ ಹತ್ತರವರೆಗೆ ಏರುತ್ತದೆ. ಎದುರಾಳಿಯ 30 ಅಂಶಗಳ ಆಯುಸ್ಸನ್ನು ಸೊನ್ನೆಗೆ ಇಳಿಸಿದವನೇ ಗೆದ್ದವನು.

ಇನ್ನು ಡ್ರ್ಯಾಗನ್. ಪಾಶ್ಚಾತ್ಯರ ಕಥೆಗಳಲ್ಲಿ ಬರುವ, ರೆಕ್ಕೆಯುಳ್ಳ, ಬೆಂಕಿಯುಗುಳುವ ಮಹಾಸರ್ಪವಿದು. ಪಶ್ಚಿಮಘಟ್ಟದ ಕಾಡುಗಳಲ್ಲಿ ಮರದಿಂದ ಮರಕ್ಕೆ ತೇಲುವ ಪುಟ್ಟ ಹಾರುವ ಓತಿಗೆ ಪ್ರಾಣಿಶಾಸ್ತ್ರಜ್ಞರು ‘ಡ್ರಾಕೋ’ ಎಂದು ಹೆಸರಿಟ್ಟದ್ದು ಇದೇ ಕಲ್ಪನೆಯಿಂದ. ಆದರೆ ಆಟದ ಡ್ರ್ಯಾಗನ್ನುಗಳಲ್ಲಿ ಅನೇಕವು ದೈತ್ಯಗಳೇ. ‘ಇಸೆರಾ’, ‘ಅಲೆಕ್ಸ್‌ಸ್ಟ್ರಾಜ’ ಎಂಬವುಗಳ ಬೆಲೆ ತಲಾ ಒಂಬತ್ತು ಹರಳು; ‘ಡೆತ್‌ವಿಂಗ್’ಗೆ ಹತ್ತು.

ಎರಡು ಸೋಲುಗಳು

ವಿದ್ಯಾರ್ಥಿಯು ಮೊದಲು ಕಟ್ಟಿದ ಕಟ್ಟಿನಲ್ಲಿ 16 ಡ್ರ್ಯಾಗನ್ನುಗಳಿದ್ದವು. ಮೂರು ಹರಳಿನೊಳಗೆ ಆಡಬಹುದಾದ ಎಲೆಗಳು ಆರೇ ಆರು. ಮಹಾಸರ್ಪಗಳೆಲ್ಲ ಕೈಯಲ್ಲಿ ಸೇರಿಕೊಂಡು ಒಂಬತ್ತನೆಯ ಸರದಿಗಾಗಿ ಕಾಯುತ್ತಿರುವಷ್ಟರಲ್ಲಿ ಎದುರಾಳಿಯು ಆಟವನ್ನು ಮುಗಿಸಿಬಿಡುತ್ತಿದ್ದನು.

ಯಕ್ಷಗಾನವನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾದೀತು. ತೆಂಕುತಿಟ್ಟಿನ ಇಡೀ ರಾತ್ರಿಯ ಆಟದಲ್ಲಿ ಕೋಡಂಗಿ, ಬಾಲಗೋಪಾಲರಿಂದ ರಂಗವೇರುತ್ತದೆ. ಬಣ್ಣದ ವೇಷದ ಅಬ್ಬರಕ್ಕೆ ರಾತ್ರಿ ಬಲಿಯಬೇಕು. ಬಣ್ಣದ ವೇಷವೇ ಮೇಳದ ಆಕರ್ಷಣೆಯೆಂದು ಚೌಕಿಯ ತುಂಬ ಅವರನ್ನೇ ಕೂರಿಸಿದರೆ ಪೂರ್ವರಂಗ ನಡೆಸುವವರಾರು? ಎಲೆಗಳ ಕಟ್ಟಿನಲ್ಲಿಯೂ ಒಂದು, ಎರಡು, ಮೂರು ಹರಳಿನ ಅಗ್ಗದ ಎಲೆಗಳು ಮೊದಲ ಜಾವವನ್ನು ನಡೆಸಿಕೊಡಬೇಕು.

ಇದನ್ನರಿತ ವಿದ್ಯಾರ್ಥಿಯು ಎರಡನೆಯ ಕಟ್ಟಿನಲ್ಲಿ ಡ್ರ್ಯಾಗನ್ನುಗಳನ್ನು ನಾಲ್ಕಕ್ಕೆ ಇಳಿಸಿ, ಅವುಗಳ ಅನುಚರರನ್ನು ತುಂಬಿದನು. 2015ರಲ್ಲಿ ಪ್ರಕಟವಾದ ‘ಬ್ಲ್ಯಾಕ್‌ವಿಂಗ್ ಟೆಕ್ನಿಷಿಯನ್’ ಅಂತಹದೊಂದು ಎಲೆ. ಬೆಲೆ ಮೂರು ಹರಳು. ಬಲ ಎರಡು, ಆಯುಸ್ಸು ನಾಲ್ಕು. ಇದನ್ನು ಆಡುವಾಗ ನಿಮ್ಮ ಕೈಯಲ್ಲಿ ಒಂದು ಡ್ರ್ಯಾಗನ್ ಇದ್ದರೆ ಬಲವೂ ಆಯುಸ್ಸೂ ಒಂದೊಂದು ಹೆಚ್ಚುತ್ತವೆ. ಇಲ್ಲವಾದರೆ ಅದೊಂದು ಸಾಮಾನ್ಯ ಎಲೆ ಮಾತ್ರ. ಅದೇ ವರ್ಷದ ‘ಬ್ಲ್ಯಾಕ್‌ವಿಂಗ್ ಕರಪ್ಟರ್’ ಐದು ಹರಳಿನದು. ಕೈಯಲ್ಲಿ ಡ್ರ್ಯಾಗನ್ ಇದ್ದರೆ ಎದುರಾಳಿಯ ಪಾಳೆಯಕ್ಕೆ ಮೂರು ಅಂಶಗಳ ಪೆಟ್ಟು ಕೊಡುತ್ತದೆ. ಈ ಕಟ್ಟಿನಲ್ಲಿ ಅನುಚರರೇನೋ ಬೇಗ ಬಂದರು. ಆದರೆ ಒಡೆಯರು ಕೈಯಲ್ಲಿ ಇರುತ್ತಿರಲಿಲ್ಲ.

ಹಾಗಾದರೆ ಪ್ರಶ್ನೆ ಸ್ಪಷ್ಟವಾಯಿತು. ಮೂವತ್ತರಲ್ಲಿ ಎಷ್ಟು ಡ್ರ್ಯಾಗನ್ನುಗಳಿರಬೇಕು?

ಗೇರುಬೀಜದ ಗೋಣಿ

ನಮ್ಮ ಊರಿನ ಗೇರುಬೀಜದ ವ್ಯಾಪಾರವನ್ನು ನೋಡಿದವರಿಗೆ ಈ ಲೆಕ್ಕದ ತಿರುಳು ಪರಿಚಿತವೇ. ಗೋಣಿಯೊಳಗಿನ ಬೀಜವನ್ನೆಲ್ಲ ಯಾರೂ ಒಡೆದು ನೋಡುವುದಿಲ್ಲ. ಒಂದಿಷ್ಟು ಬೀಜಗಳನ್ನು ತೆಗೆದು ಕತ್ತರಿಸಿ, ಅವುಗಳಲ್ಲಿ ಹುಳುಕು ಎಷ್ಟೆಂದು ಎಣಿಸಿ ಒಟ್ಟು ಮಾಲನ್ನು ಅಂದಾಜು ಮಾಡುತ್ತಾರೆ. ತೆಗೆದ ಬೀಜವನ್ನು ಪುನಃ ಗೋಣಿಗೆ ಹಾಕುವುದಿಲ್ಲ. ಎಲೆ ಎಳೆಯುವುದೂ ಹೀಗೆಯೇ. ಒಮ್ಮೆ ಎಳೆದ ಎಲೆ ಕಟ್ಟಿನಲ್ಲಿ ಉಳಿಯದು. ಆದುದರಿಂದ ಪ್ರತಿ ಎಳೆತಕ್ಕೂ ಲೆಕ್ಕ ಸ್ವಲ್ಪ ಬದಲಾಗುತ್ತದೆ.

ಮೊದಲು ಆಡುವವನಿಗೆ ಆರಂಭದಲ್ಲಿ ಮೂರು ಎಲೆಗಳು ಬರುತ್ತವೆ. ಆಮೇಲೆ ಸರದಿಗೊಂದರಂತೆ ಎಳೆಯುತ್ತಾನೆ. ಎಂದರೆ ಮೂರನೆಯ ಸರದಿಯ ವೇಳೆಗೆ ಅವನು ಕಂಡಿರುವುದು ಆರು ಎಲೆಗಳು. ಕಟ್ಟಿನಲ್ಲಿ ಎಂಟು ಡ್ರ್ಯಾಗನ್ನುಗಳಿವೆ ಎಂದಿಟ್ಟುಕೊಳ್ಳೋಣ. ಉಳಿದವು 22. ಮೊದಲ ಎಲೆ ಡ್ರ್ಯಾಗನ್ ಅಲ್ಲದಿರುವ ಸಂಭಾವ್ಯತೆ 30ರಲ್ಲಿ 22. ಅದು ಹೋದ ಬಳಿಕ ಎರಡನೆಯದಕ್ಕೆ 29ರಲ್ಲಿ 21. ಮೂರನೆಯದಕ್ಕೆ 28ರಲ್ಲಿ 20. ಹೀಗೆಯೇ ಆರನೆಯದಕ್ಕೆ 25ರಲ್ಲಿ 17. ಈ ಆರು ಭಿನ್ನರಾಶಿಗಳನ್ನು ಗುಣಿಸಿದರೆ ಸುಮಾರು 0.126 ಬರುತ್ತದೆ. ಎಂದರೆ ಎಂಟು ಆಟಗಳಲ್ಲಿ ಒಂದರಲ್ಲಿ ಕೈ ಬರಿದಾಗಿರುತ್ತದೆ. ನೂರರಲ್ಲಿ 87 ಆಟಗಳಲ್ಲಿ ಒಂದಾದರೂ ಡ್ರ್ಯಾಗನ್ ಬಂದಿರುತ್ತದೆ.

ಇದೇ ಕ್ರಮದಲ್ಲಿ ಬೇರೆ ಸಂಖ್ಯೆಗಳಿಗೂ ಲೆಕ್ಕ ಹಾಕಿದರೆ, ಮೂರನೆಯ ಸರದಿಯೊಳಗೆ ಒಂದಾದರೂ ಡ್ರ್ಯಾಗನ್ ಬರುವ ಸಂಭಾವ್ಯತೆ ಹೀಗಿದೆ:

4 ಡ್ರ್ಯಾಗನ್ನುಗಳಿದ್ದರೆ ಶೇಕಡಾ 61
6 ಇದ್ದರೆ ಶೇಕಡಾ 77
8 ಇದ್ದರೆ ಶೇಕಡಾ 87
10 ಇದ್ದರೆ ಶೇಕಡಾ 93
12 ಇದ್ದರೆ ಶೇಕಡಾ 97

ಈ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಮತ್ತೊಮ್ಮೆ ನೋಡಿ. ನಾಲ್ಕರಿಂದ ಆರಕ್ಕೆ ಏರಿದಾಗ ಎರಡು ಎಲೆಗಳಿಂದ ದೊರೆತ ಲಾಭ ಶೇಕಡಾ 16. ಹತ್ತರಿಂದ ಹನ್ನೆರಡಕ್ಕೆ ಏರಿದಾಗ ಅಷ್ಟೇ ಎಲೆಗಳಿಂದ ದೊರೆತದ್ದು ಬರೀ ನಾಲ್ಕರಷ್ಟು. ಆ ಎರಡು ಎಲೆಗಳ ಸ್ಥಾನದಲ್ಲಿ ಮೊದಲ ಸರದಿಗಳ ಅಗ್ಗದ ಎಲೆಗಳಿದ್ದಿದ್ದರೆ ಹೆಚ್ಚು ಪ್ರಯೋಜನವಾಗುತ್ತಿತ್ತು. ಡ್ರ್ಯಾಗನ್ನುಗಳ ಸಂಖ್ಯೆ ಎಂಟರಿಂದ ಹತ್ತರ ಆಸುಪಾಸಿನಲ್ಲಿ ನಿಲ್ಲಬೇಕಾದದ್ದು ಈ ಕಾರಣದಿಂದ.

ವಿದ್ಯಾರ್ಥಿಯ ಎರಡು ಸೋಲುಗಳಿಗೂ ಉತ್ತರ ಇಲ್ಲಿಯೇ ಇದೆ. ಆರು ಅಗ್ಗದ ಎಲೆಗಳಿದ್ದ ಮೊದಲ ಕಟ್ಟಿಗೆ ಪಟ್ಟಿಯ ಎರಡನೆಯ ಸಾಲು ಅನ್ವಯಿಸುತ್ತದೆ. ಡ್ರ್ಯಾಗನ್ ಎಂಬಲ್ಲಿ ಅಗ್ಗದ ಎಲೆ ಎಂದು ಓದಿಕೊಂಡರಾಯಿತು. ನೂರರಲ್ಲಿ 23 ಆಟಗಳಲ್ಲಿ ಮೂರು ಸರದಿಗಳು ಕೈಕಟ್ಟಿ ಕುಳಿತೇ ಕಳೆಯುತ್ತವೆ. ಎರಡನೆಯ ಕಟ್ಟಿನಲ್ಲಿ ನೂರಕ್ಕೆ 39 ಆಟಗಳಲ್ಲಿ ಡ್ರ್ಯಾಗನ್ ಬಾರದು. ಹೀಗಿರಲು ಐದು ಆಟಗಳಲ್ಲಿ ಎರಡಾದರೂ ಕೈಕೊಡುವ ಸಂಭಾವ್ಯತೆ ಶೇಕಡಾ 64. ಇದಕ್ಕೆ ಯಂತ್ರ ಮೋಸ ಮಾಡಬೇಕಾದ ಅಗತ್ಯವೇ ಇಲ್ಲ.

ಹಿಂತಿರುಗಿಸುವ ಹಕ್ಕು

ಆಟದಲ್ಲಿ ಇನ್ನೊಂದು ಅನುಕೂಲವುಂಟು. ಆರಂಭದ ಎಲೆಗಳಲ್ಲಿ ಬೇಡವಾದವನ್ನು ಒಮ್ಮೆ ಹಿಂತಿರುಗಿಸಿ ಅಷ್ಟೇ ಎಲೆಗಳನ್ನು ಹೊಸದಾಗಿ ಪಡೆಯಬಹುದು. ಹಿಂತಿರುಗಿಸಿದ ಎಲೆಗಳು ಆ ಕ್ಷಣದಲ್ಲಿಯೇ ಮರಳಿ ಬರುವುದಿಲ್ಲ. ಆಮೇಲೆ ಕಟ್ಟಿನಲ್ಲಿ ಕಲಸಿಹೋಗುತ್ತವೆ. ನಮ್ಮ ವಿದ್ಯಾರ್ಥಿಯು ಆತುರದಿಂದ ಈ ಹಕ್ಕನ್ನು ಬಳಸಿಯೇ ಇರಲಿಲ್ಲ.

ಎಂಟು ಡ್ರ್ಯಾಗನ್ನುಗಳ ಕಟ್ಟಿನಲ್ಲಿ, ಮೊದಲ ಮೂರರಲ್ಲಿ ಡ್ರ್ಯಾಗನ್ ಇಲ್ಲದಾಗ ಮೂರನ್ನೂ ಹಿಂತಿರುಗಿಸಿದೆವೆನ್ನೋಣ. ಆಗ ಕೈ ಬರಿದಾಗಿ ಉಳಿಯಬೇಕಾದರೆ ಮೊದಲ ಮೂರು, ಬದಲಿ ಮೂರು, ಅನಂತರದ ಮೂರು ಎಳೆತಗಳು—ಈ ಮೂರೂ ನಮ್ಮನ್ನು ವಂಚಿಸಬೇಕು. ಮೊದಲಿನ ಆರು ಎಲೆಗಳ ಲೆಕ್ಕ ಆಗಲೇ ಬಂದಿದೆ: 0.126. ಮುಂದಿನ ಮೂರಕ್ಕೆ 27ರಲ್ಲಿ 19, 26ರಲ್ಲಿ 18, 25ರಲ್ಲಿ 17. ಇವುಗಳ ಗುಣಲಬ್ಧ 0.33. ಎರಡನ್ನೂ ಗುಣಿಸಿದರೆ 0.042. ಎಂಟಕ್ಕೊಂದು ಇದ್ದ ವೈಫಲ್ಯ ಇಪ್ಪತ್ತನಾಲ್ಕಕ್ಕೊಂದಾಯಿತು! ಹೊಸ ಎಲೆಯೊಂದನ್ನೂ ಕೊಳ್ಳದೆ, ಇದ್ದ ನಿಯಮವನ್ನು ಬಳಸಿದ್ದರಿಂದಲೇ ದೊರೆತ ಲಾಭವಿದು. ಆದರೆ ಹಿಂತಿರುಗಿಸಿದವುಗಳಲ್ಲಿ ಒಳ್ಳೆಯ ಅಗ್ಗದ ಎಲೆಯೂ ಇರಬಹುದು. ಎದುರಾಳಿ ಶೀಘ್ರವಾಗಿ ಮೇಲೆ ಬೀಳುವ ಸ್ವಭಾವದವನಾದರೆ ಅದನ್ನು ಇಟ್ಟುಕೊಳ್ಳುವುದೇ ಲೇಸು.

ಭಾರವೇ ಉಪಕಾರ

ಇಲ್ಲೊಂದು ಸೂಕ್ಷ್ಮವುಂಟು. ಅನುಚರರ ಷರತ್ತು ಡ್ರ್ಯಾಗನ್ ಕೈಯಲ್ಲಿ ಇರಬೇಕೆಂಬುದು. ಅಂಗಳದಲ್ಲಿ ಇದ್ದರೆ ಸಾಲದು. ಎರಡು ಹರಳಿನ ‘ಫೇರಿ ಡ್ರ್ಯಾಗನ್’ ಒಂದೇ ಇದ್ದು, ಅದನ್ನು ಎರಡನೆಯ ಸರದಿಯಲ್ಲಿ ಆಡಿಬಿಟ್ಟರೆ ಮೂರನೆಯ ಸರದಿಯ ಟೆಕ್ನಿಷಿಯನ್ನನಿಗೆ ಆಧಾರ ತಪ್ಪುತ್ತದೆ. ಎಂಟು ಡ್ರ್ಯಾಗನ್ನುಗಳ ಕಟ್ಟಿನ ಮೊದಲ ಆರು ಎಲೆಗಳಲ್ಲಿ ಎರಡು ಅಥವಾ ಹೆಚ್ಚು ಡ್ರ್ಯಾಗನ್ನುಗಳು ಬರುವ ಸಂಭಾವ್ಯತೆ ಶೇಕಡಾ 52 ಮಾತ್ರ.

ಆದರೆ ಒಂಬತ್ತು ಹರಳಿನ ಇಸೆರಾಳನ್ನು ಆಗ ಆಡುವುದಂತೂ ಸಾಧ್ಯವಿಲ್ಲ. ಅವಳು ಕೈಯಲ್ಲಿಯೇ ಕುಳಿತಿರುತ್ತಾಳೆ. ಕುಳಿತಲ್ಲಿಂದಲೇ ಪ್ರತಿಯೊಬ್ಬ ಅನುಚರನಿಗೂ ಬಲ ಕೊಡುತ್ತಾಳೆ. ಮೊದಲ ಕಟ್ಟಿನಲ್ಲಿ ಸೋಲಿಗೆ ಕಾರಣವಾದ ಭಾರವೇ ಇಲ್ಲಿ ಉಪಕಾರವಾಗುತ್ತದೆ. ಡ್ರ್ಯಾಗನ್ ಕಟ್ಟಿನ ರಹಸ್ಯ ಇದೇ. ಆದುದರಿಂದ ಎಂಟರಲ್ಲಿ ಕೆಲವು ಹಗುರ, ಕೆಲವು ಮಧ್ಯಮ, ಒಂದೆರಡು ಭಾರ ಇರಬೇಕು.

2015ರ ಎಲೆಗಳಿಂದಲೇ ಒಂದು ಉದಾಹರಣೆ ಕೊಡುವುದಾದರೆ: ಫೇರಿ ಡ್ರ್ಯಾಗನ್ ಎರಡು, ನಾಲ್ಕು ಹರಳಿನ ‘ಟ್ವೈಲೈಟ್ ಡ್ರೇಕ್’ ಎರಡು, ಐದು ಹರಳಿನ ‘ಅಜ್ಯೂರ್ ಡ್ರೇಕ್’ ಎರಡು, ಅಲೆಕ್ಸ್‌ಸ್ಟ್ರಾಜ ಒಂದು, ಇಸೆರಾ ಒಂದು, ಒಟ್ಟು ಎಂಟು. ಅನುಚರರಾಗಿ ಎರಡು ಹರಳಿನ ‘ವಿರ್ಮ್‌ರೆಸ್ಟ್ ಏಜೆಂಟ್’, ಟೆಕ್ನಿಷಿಯನ್, ಕರಪ್ಟರ್—ತಲಾ ಎರಡರಂತೆ ಆರು. ಉಳಿದ 16 ಸ್ಥಾನಗಳು ರಕ್ಷಣೆಯ ಮಂತ್ರಗಳಿಗೂ ಅಗ್ಗದ ಎಲೆಗಳಿಗೂ ಮೀಸಲು. ಎಲೆಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. 2019ರ ಡಿಸೆಂಬರಿನಲ್ಲಿ ಡ್ರ್ಯಾಗನ್ನುಗಳದೇ ಒಂದು ಹೊಸ ಕಂತು ಹೊರಬಂದಿತು. ಆದರೂ ಮೇಲಿನ ಗಣಿತ ಬದಲಾಗುವುದಿಲ್ಲ.

ಪರೀಕ್ಷೆಗೆ ಎಷ್ಟು ಆಟಗಳು?

ಹೊಸ ಕಟ್ಟು ಹತ್ತರಲ್ಲಿ ಏಳು ಆಟ ಗೆದ್ದರೆ ಅದು ಶ್ರೇಷ್ಠವೆಂದು ಹೇಳಬಹುದೇ? ಅವಸರ ಬೇಡ. ಸಮಬಲದ ಕಟ್ಟೂ ಹತ್ತರಲ್ಲಿ ಏಳು ಅಥವಾ ಹೆಚ್ಚು ಗೆಲ್ಲುವುದು ಆರು ಬಾರಿಗೆ ಒಮ್ಮೆಯಂತೆ ನಡೆಯುತ್ತದೆ. ನಾಣ್ಯವನ್ನು ಚಿಮ್ಮಿಸಿ ಓದುಗರೇ ನೋಡಬಹುದು. ನೂರು ಆಟಗಳಲ್ಲಿ 50 ಗೆಲುವು ನಿರೀಕ್ಷಿತವಾದರೆ, ಅದೃಷ್ಟದ ಓಲಾಟ ಸಾಮಾನ್ಯವಾಗಿ ಐದರಷ್ಟು. 53 ಗೆಲುವಿನಿಂದ ಏನೂ ಸಿದ್ಧವಾಗದು. 65 ಬಂದರೆ ಗಂಭೀರವಾಗಿ ಪರಿಗಣಿಸಬೇಕು. ಭೌತವಿಜ್ಞಾನದಲ್ಲಿ ನಾವು ದಿನವೂ ಕಾಣುವ ಸಂಗತಿಯಿದು. ವಿಕಿರಣಶೀಲ ವಸ್ತುವಿನ ಒಂದು ಪರಮಾಣು ಯಾವ ಕ್ಷಣದಲ್ಲಿ ಸಿಡಿಯುವುದೆಂದು ಯಾರೂ ಹೇಳಲಾರರು. ಕೋಟ್ಯಂತರ ಪರಮಾಣುಗಳಲ್ಲಿ ಅರ್ಧದಷ್ಟು ಎಂದಿಗೆ ಸಿಡಿದಿರುತ್ತವೆ ಎಂಬುದನ್ನು ನಿಖರವಾಗಿ ಹೇಳಬಲ್ಲೆವು.

ಕೊನೆಗೆ ಹಣದ ಮಾತು. ಹೊಸ ಎಲೆಗಳು ಮುಚ್ಚಿದ ಪೊಟ್ಟಣಗಳಲ್ಲಿ ಬರುತ್ತವೆ. ಒಳಗೇನಿದೆಯೆಂದು ಕೊಳ್ಳುವವನಿಗೆ ತಿಳಿಯದು. ಚೀನಾ ದೇಶದ ನಿಯಮಕ್ಕೆ ಅನುಸಾರವಾಗಿ 2017ರಲ್ಲಿ ತಯಾರಕರು ಪ್ರಕಟಿಸಿದ ಅಂಕಿಯಂತೆ, ಸರಾಸರಿ 20 ಪೊಟ್ಟಣಗಳಿಗೆ ಒಂದು ಲೆಜೆಂಡರಿ ಎಲೆ. ಅದು ನಮಗೆ ಬೇಕಾದ ಡ್ರ್ಯಾಗನ್ನೇ ಆಗಿರಬೇಕೆಂದೇನೂ ಇಲ್ಲ. ಎಲೆ ಎಳೆಯುವಾಗಿನ ಅದೃಷ್ಟಕ್ಕೆ ಖರ್ಚಿಲ್ಲ. ಪೊಟ್ಟಣ ಒಡೆಯುವಾಗಿನ ಅದೃಷ್ಟಕ್ಕೆ ಪ್ರತಿ ಬಾರಿಯೂ ಬೆಲೆ ತೆರಬೇಕು. ಈ ಎರಡನೆಯ ಲೆಕ್ಕವನ್ನು ವಿದ್ಯಾರ್ಥಿಯು ತಾನೇ ಕಾಗದದ ಮೇಲೆ ಬರೆದು ನೋಡಿ, ಕಾಗದವನ್ನು ಮಡಿಸಿ ಕಿಸೆಗೆ ಹಾಕಿಕೊಂಡನು. ಊಟದ ಹಣ ಊಟಕ್ಕೇ ಉಳಿಯಿತು.

ಇದ್ದ ಎಲೆಗಳಿಂದಲೇ ಎಂಟು ಡ್ರ್ಯಾಗನ್ನುಗಳ ಮೂರನೆಯ ಕಟ್ಟನ್ನು ಜೋಡಿಸಿಕೊಂಡ ಅವನು ಮರುವಾರ ಸಿಕ್ಕಿದಾಗ, “ನಿನ್ನೆಯೂ ಒಂದು ಆಟ ಸೋತೆ, ಸರ್. ಅದು ಆ ಇಪ್ಪತ್ತನಾಲ್ಕರಲ್ಲಿ ಒಂದು” ಎಂದು ನಕ್ಕನು. ಗ್ರಹಚಾರದ ಮಾತು ಬರಲಿಲ್ಲ.

ಅಭ್ಯಾಸಕ್ಕಾಗಿ ಓದುಗರಿಗೊಂದು ಪ್ರಶ್ನೆ. 2022ರಲ್ಲಿ ಬಂದ ಒಂದು ವಿಶೇಷ ಎಲೆಯನ್ನು ಸೇರಿಸಿಕೊಂಡವರಿಗೆ 40 ಎಲೆಗಳ ಕಟ್ಟನ್ನು ಕಟ್ಟುವ ಅವಕಾಶ ದೊರೆಯಿತು. ಅಂತಹ ಕಟ್ಟಿನಲ್ಲಿಯೂ ಡ್ರ್ಯಾಗನ್ನುಗಳು ಎಂಟೇ ಇದ್ದರೆ ಮೊದಲ ಆರು ಎಲೆಗಳಲ್ಲಿ ಒಂದಾದರೂ ಬರುವ ಸಂಭಾವ್ಯತೆ ಎಷ್ಟು? ಉತ್ತರ ಶೇಕಡಾ 76. ಅದನ್ನು ಪುನಃ 87ಕ್ಕೆ ಏರಿಸಲು ಎಷ್ಟು ಡ್ರ್ಯಾಗನ್ನುಗಳು ಬೇಕೆಂಬುದನ್ನು ಪೆನ್ಸಿಲು ಹಿಡಿದು ಕಂಡುಕೊಳ್ಳಿ. ಹನ್ನೊಂದು ಬಂದರೆ ನಿಮ್ಮ ಲೆಕ್ಕ ಸರಿ.