ಬಾಕಿ ಚಿಕ್ಕದು, ಜಪ್ತಿ ದೊಡ್ಡದು: ಮಾವಿನಗುಂಡಿ ಸ್ಮಾರಕದ ಹಿಂದಿನ ಕಥೆ

ಸಿದ್ದಾಪುರ: ತಾಲ್ಲೂಕಿನ ಮಾವಿನಗುಂಡಿಯಲ್ಲಿ ಮಹಿಳಾ ಸತ್ಯಾಗ್ರಹಿಗಳ ಸ್ಮಾರಕವಿದೆ. ಏನಿದರ ಕಥೆ?

1930ರ ದಶಕದ ಆರಂಭದಲ್ಲಿ ಸಿದ್ದಾಪುರ, ಅಂಕೋಲಾ ಕಡೆಯ ರೈತರು ಬ್ರಿಟಿಷ್ ಸರ್ಕಾರಕ್ಕೆ ಭೂಕಂದಾಯ ಕಟ್ಟಲ್ಲ ಅಂದರು. ಇದೇ ಕರನಿರಾಕರಣೆ. ಬಾಕಿಗೆ ತಕ್ಕಷ್ಟು ಜಪ್ತಿ ಮಾಡಿದ್ದರೆ ವಸೂಲಿ ಅನ್ನಬಹುದಿತ್ತು. ಆದ್ರೆ ಅಧಿಕಾರಿಗಳು ಅಲ್ಲಿಗೇ ನಿಲ್ಲಲಿಲ್ಲ. ಮನೆಗೆ ನುಗ್ಗಿ ಪಾತ್ರೆ-ಪಗಡ, ದನಕರು ಒಯ್ದರು. ಸಣ್ಣ ಬಾಕಿಗೆ ಇಡೀ ಜಮೀನೇ ಹರಾಜಾಯ್ತು. ವಸೂಲಿ ಹೆಸರಲ್ಲಿ ಮನೆಮಂದಿಗೆಲ್ಲ ಶಿಕ್ಷೆ.

ಹರಾಜಲ್ಲಿ ಕೊಂಡವರ ಮನೆ ಮುಂದೆ ಹೆಂಗಸರು ಉಪವಾಸ ಕೂತರು. ಆ ಸ್ಮಾರಕ ಅವರದ್ದೇ.

ಆಗ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. 1937ರಲ್ಲಿ ಅಲ್ಲಿ ಕಾಂಗ್ರೆಸ್ ಸರ್ಕಾರ ಬಂತು. ಕಿತ್ತುಕೊಂಡ ಜಮೀನು ವಾಪಸ್ ಕೊಡಿಸೋಕೆ ಹೊಸ ಕಾನೂನೇ ಮಾಡಬೇಕಾಯ್ತು.