ಹೆಡ್ ಹೋಗಿದೆ ಅಂದರೆ ಏನು?



ಬಾಡಿಗೆಗೆ ಓಡುವ ಮಾರುತಿ ಓಮ್ನಿ ವ್ಯಾನನ್ನು ನೀವೆಲ್ಲ ನೋಡಿದ್ದೀರಿ. ಮದುವೆಗೆ, ಸಂತೆಗೆ, ಆಸ್ಪತ್ರೆಗೆ ಅದರಲ್ಲೇ ಹೋಗಿದ್ದೀರಿ. ಈ ವ್ಯಾನು 1984ರಲ್ಲಿ ಬಂತು. 2019ರಲ್ಲಿ ಕಂಪನಿಯವರು ಇದನ್ನು ತಯಾರಿಸೋದು ನಿಲ್ಲಿಸಿದರು. ಆದರೂ ಹಳೆಯ ಗಾಡಿಗಳು ಇನ್ನೂ ಓಡುತ್ತಾ ಇವೆ. ಎಷ್ಟೋ ಮನೆಗಳ ಒಲೆ ಉರಿಯೋದು ಅದರ ಬಾಡಿಗೆಯಿಂದ.

ಇಂಥ ಗಾಡಿ ಒಂದು ದಿನ ದಾರಿಯಲ್ಲಿ ನಿಂತುಬಿಡುತ್ತೆ. ಮೆಕ್ಯಾನಿಕ್ ನೋಡಿ, "ಹೆಡ್ ಹೋಗಿದೆ" ಅನ್ನುತ್ತಾನೆ. ಮನೆಯಲ್ಲಿ ಚಿಂತೆ ಶುರು. ಸಂಘದಿಂದ ಸಾಲ ತೆಗೆಯಬೇಕು. ಇಲ್ಲವೇ ಕಿವಿಯ ಓಲೆ ಗಿರವಿ ಇಡಬೇಕು. ಸಾಲಕ್ಕೆ ಸಹಿ ಹಾಕುವವಳು ಮನೆಯ ಹೆಂಗಸು. ಆದರೆ ಹೆಡ್ ಅಂದರೇನು? ಅದು ಯಾಕೆ ಹೋಯಿತು? ಆ ಹಣದಲ್ಲಿ ಏನೇನು ಮಾಡುತ್ತಾರೆ? ಇದನ್ನು ಅವಳಿಗೆ ಯಾರೂ ಹೇಳೋದಿಲ್ಲ. "ಅದೆಲ್ಲ ನಿನಗೆ ಅರ್ಥ ಆಗಲ್ಲ" ಅಂದುಬಿಡುತ್ತಾರೆ.

ಯಾಕೆ ಅರ್ಥ ಆಗಲ್ಲ? ಕುಕ್ಕರ್ ಗೊತ್ತಿರುವವರಿಗೆ ಇದೂ ಗೊತ್ತಾಗುತ್ತೆ. ಬನ್ನಿ, ಓದೋಣ.

ಎಂಜಿನ್ನಿಗೂ ಒಂದು ಮುಚ್ಚಳ

ಓಮ್ನಿಯ ಎಂಜಿನ್ ಮುಂದಿನ ಸೀಟಿನ ಕೆಳಗೆ ಇರುತ್ತೆ. ಅದರ ಕೆಳಭಾಗ ಕಬ್ಬಿಣದ ಗಟ್ಟಿ ದಿಮ್ಮಿ. ಇದಕ್ಕೆ ಬ್ಲಾಕ್ ಅಂತ ಹೆಸರು. ಬ್ಲಾಕಿನಲ್ಲಿ ಮೂರು ದುಂಡನೆಯ ಕೊಳವೆಗಳಿವೆ. ಇವೇ ಸಿಲಿಂಡರುಗಳು. ಒಂದೊಂದು ಸಿಲಿಂಡರಿನಲ್ಲೂ ಒಂದು ಪಿಸ್ಟನ್ ಇದೆ. ಒರಳಿನಲ್ಲಿ ಒನಕೆ ಏರಿ ಇಳಿಯುವ ಹಾಗೆ ಪಿಸ್ಟನ್ ಏರಿ ಇಳಿಯುತ್ತೆ.

ಸಿಲಿಂಡರಿನ ಒಳಗೆ ಪೆಟ್ರೋಲು ಮತ್ತು ಗಾಳಿ ಸೇರಿ ಹತ್ತಿಕೊಳ್ಳುತ್ತೆ. ಆ ಬೆಂಕಿಯ ಒತ್ತಡಕ್ಕೆ ಪಿಸ್ಟನ್ ಕೆಳಗೆ ಹೋಗುತ್ತೆ. ಅದರಿಂದ ಗಾಲಿ ತಿರುಗುತ್ತೆ. ಒತ್ತಡ ಮೇಲೆ ಹಾರಿ ಹೋಗಬಾರದು. ಅದಕ್ಕಾಗಿ ಸಿಲಿಂಡರುಗಳ ಮೇಲೆ ಬಿಗಿಯಾದ ಮುಚ್ಚಳ ಇಟ್ಟಿದ್ದಾರೆ. ಆ ಮುಚ್ಚಳವೇ ಸಿಲಿಂಡರ್ ಹೆಡ್. ಹೆಡ್ ಅಂದರೆ ತಲೆ.

ಈ ಹೆಡ್ ಅಲ್ಯೂಮಿನಿಯಮ್ಮಿನದು. ಇದು ಬರೀ ಮುಚ್ಚಳ ಅಲ್ಲ. ಗಾಳಿ ಒಳಗೆ ಬಿಡುವ, ಹೊಗೆ ಹೊರಗೆ ಬಿಡುವ ಬಾಗಿಲುಗಳು ಇದರಲ್ಲೇ ಇವೆ. ಅವಕ್ಕೆ ವಾಲ್ವ್ ಅಂತಾರೆ. ಒಂದು ಸಿಲಿಂಡರಿಗೆ ಎರಡು ವಾಲ್ವ್. ಮೂರು ಸಿಲಿಂಡರಿಗೆ ಎಷ್ಟು? ಲೆಕ್ಕ ಹಾಕಿ. ಆರು. ಕಿಡಿ ಹೊತ್ತಿಸುವ ಪ್ಲಗ್ಗುಗಳೂ ಇಲ್ಲೇ ಇವೆ. ನೀರು ಹರಿಯುವ ದಾರಿ, ಆಯಿಲ್ ಹರಿಯುವ ದಾರಿ ಕೂಡ ಇದರೊಳಗೇ ಇವೆ.

ಬ್ಲಾಕಿಗೂ ಹೆಡ್ಡಿಗೂ ನಡುವೆ ಒಂದು ತೆಳ್ಳಗಿನ ಹಾಳೆ ಇಡುತ್ತಾರೆ. ಇದು ಹೆಡ್ ಗ್ಯಾಸ್ಕೆಟ್. ಕುಕ್ಕರಿನ ಮುಚ್ಚಳಕ್ಕೆ ರಬ್ಬರ್ ಇದ್ದ ಹಾಗೆ. ರಬ್ಬರ್ ಹಳತಾದರೆ ಕುಕ್ಕರಿನ ಪಕ್ಕದಿಂದ ಹಬೆ ಬರುತ್ತೆ, ಅನ್ನ ಬೇಯೋದಿಲ್ಲ. ಗ್ಯಾಸ್ಕೆಟ್ ಕೆಲಸ ಇನ್ನೂ ಕಷ್ಟದ್ದು. ಬೆಂಕಿ, ನೀರು, ಆಯಿಲ್ ಈ ಮೂರೂ ಅಕ್ಕಪಕ್ಕದಲ್ಲೇ ಇವೆ. ಒಂದಕ್ಕೊಂದು ಸೇರದ ಹಾಗೆ ಅದು ತಡೆಯಬೇಕು.

ಹೆಡ್ ಯಾಕೆ ಕೆಡುತ್ತೆ?

ನೀರಿಲ್ಲದ ಅಲ್ಯೂಮಿನಿಯಂ ಪಾತ್ರೆಯನ್ನು ಒಲೆ ಮೇಲೆ ಮರೆತರೆ ಏನಾಗುತ್ತೆ? ತಳ ಉಬ್ಬುತ್ತೆ. ಆಮೇಲೆ ನೆಲದ ಮೇಲೆ ಇಟ್ಟರೆ ಅಲ್ಲಾಡುತ್ತೆ. ಸಮನಾಗಿ ಕೂರೋದಿಲ್ಲ. ಹೆಡ್ಡಿನ ಕತೆಯೂ ಅದೇ.

ಸಿಲಿಂಡರಿನ ಒಳಗೆ ಉರಿಯುವ ಬೆಂಕಿಯ ಕಾವು 2000 ಡಿಗ್ರಿ ದಾಟುತ್ತೆ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತೆ. ಹಾಗಾದರೆ ಹೆಡ್ ಯಾಕೆ ಕರಗೋದಿಲ್ಲ? ಸುತ್ತ ನೀರು ಹರಿಯುತ್ತೆ. ಆ ನೀರು ಕಾವನ್ನು ಹೊತ್ತುಕೊಂಡು ರೇಡಿಯೇಟರಿಗೆ ಹೋಗುತ್ತೆ. ಅಲ್ಲಿ ಗಾಳಿಗೆ ತಣ್ಣಗಾಗಿ ಮತ್ತೆ ಬರುತ್ತೆ. ಈ ನೀರಿಗೆ ಕೂಲೆಂಟ್ ಎಂಬ ಬಣ್ಣದ ದ್ರವ ಬೆರೆಸಿರುತ್ತಾರೆ. ಅದು ತುಕ್ಕು ಹಿಡಿಯೋದನ್ನು ತಡೆಯುತ್ತೆ.

ನೀರು ಕಡಿಮೆ ಆದರೆ, ಇಲ್ಲವೇ ಹರಿಯೋದು ನಿಂತರೆ, ಕಾವು ಏರುತ್ತೆ. ಆಗಲೂ ಗಾಡಿ ಓಡಿಸಿದರೆ ಹೆಡ್ ಬಾಗುತ್ತೆ. ಕೆಲವು ಸಲ ಸೀಳು ಬಿಡುತ್ತೆ. ಗ್ಯಾಸ್ಕೆಟ್ ಸುಟ್ಟುಹೋಗುತ್ತೆ.

ನೀರು ಕಡಿಮೆ ಆಗೋದು, ನಿಲ್ಲೋದು ಯಾಕೆ? ಪೈಪು ಒಡೆದಿರಬಹುದು. ರೇಡಿಯೇಟರಿನಲ್ಲಿ ಕಸ ಕಟ್ಟಿರಬಹುದು. ಫ್ಯಾನು ತಿರುಗದೆ ಇರಬಹುದು. ನೀರು ತಳ್ಳುವ ಪಂಪು ಕೆಟ್ಟಿರಬಹುದು. ನೀರಿನ ದಾರಿಯಲ್ಲಿ ಥರ್ಮೋಸ್ಟಾಟ್ ಎಂಬ ಚಿಕ್ಕ ಬಾಗಿಲು ಇದೆ. ಅದು ಮುಚ್ಚಿಕೊಂಡೇ ಕುಳಿತಿರಬಹುದು. ಇವೆಲ್ಲ ಹೆಡ್ಡಿಗೆ ಹೋಲಿಸಿದರೆ ಕಡಿಮೆ ಖರ್ಚಿನ ರಿಪೇರಿಗಳು. ಚಿಕ್ಕದನ್ನು ಬಿಟ್ಟರೆ ದೊಡ್ಡದು ಕೆಡುತ್ತೆ.

ಗುರುತುಗಳು

ಹೆಡ್ ಇಲ್ಲವೇ ಗ್ಯಾಸ್ಕೆಟ್ ಕೆಟ್ಟರೆ ಗಾಡಿ ಹೀಗೆ ಸೂಚನೆ ಕೊಡುತ್ತೆ.

1. ಕಾವು ತೋರಿಸುವ ಮುಳ್ಳು ಮೇಲೆ ಹೋಗುತ್ತೆ.

2. ಹೊರಗೆ ಸೋರಿಕೆ ಕಾಣೋದಿಲ್ಲ. ಆದರೂ ನೀರು ದಿನಾ ಕಡಿಮೆ ಆಗುತ್ತೆ.

3. ಹೊಗೆ ಕೊಳವೆಯಿಂದ ಬಿಳಿ ಹೊಗೆ ಬರುತ್ತಲೇ ಇರುತ್ತೆ. ಚಳಿಗಾಲದ ಬೆಳಿಗ್ಗೆ ಸ್ವಲ್ಪ ಹೊತ್ತು ಬಿಳಿ ಹಬೆ ಬಂದರೆ ಹೆದರಬೇಡಿ. ಅದು ಸಹಜ.

4. ಆಯಿಲ್ ಹಾಕುವ ಮುಚ್ಚಳದ ಒಳಗೆ ಹಾಲು ಬೆರೆಸಿದ ಕಾಫಿ ಬಣ್ಣದ ನೊರೆ ಕಾಣುತ್ತೆ. ಆಯಿಲಿಗೆ ನೀರು ಸೇರಿದೆ ಅಂತ ಅರ್ಥ.

5. ಎಂಜಿನ್ ತಡವರಿಸುತ್ತೆ. ಏರು ದಾರಿ ಹತ್ತೋದಿಲ್ಲ.

ಒಂದೇ ಗುರುತು ನೋಡಿ ತೀರ್ಮಾನ ಮಾಡಬಾರದು. ಮೆಕ್ಯಾನಿಕ್ ಪರೀಕ್ಷೆ ಮಾಡಿಯೇ ಹೇಳಬೇಕು.

ಮುಳ್ಳು ಮೇಲೆ ಹೋದರೆ ಏನು ಮಾಡೋದು?

ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ. ಎಂಜಿನ್ ಆರಿಸಿ. "ಇನ್ನು ಎರಡೇ ಮೈಲಿ, ಊರು ಬಂತು" ಅಂತ ಓಡಿಸಬೇಡಿ. ಆ ಎರಡು ಮೈಲಿಯಲ್ಲೇ ಎಂಜಿನ್ ಹಾಳಾಗಬಹುದು.

ರೇಡಿಯೇಟರಿನ ಮುಚ್ಚಳ ಬಿಸಿಯಾಗಿರುವಾಗ ತೆಗೆಯಲೇಬಾರದು. ಕುಕ್ಕರ್ ಕೂಗುತ್ತಿರುವಾಗ ಮುಚ್ಚಳ ತೆಗೆಯುತ್ತೀರಾ? ಇದೂ ಹಾಗೆಯೇ. ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತೆ. ಎಂಜಿನ್ ಪೂರ್ತಿ ತಣ್ಣಗಾಗುವ ತನಕ ಕಾಯಬೇಕು. ಬಿಸಿ ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ. ಹೆಡ್ ಸೀಳಬಹುದು.

ಯಾರಿಗಾದರೂ ಸುಟ್ಟರೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಬಿಡಿ. ಪೇಸ್ಟು, ಇಂಕು ಹಚ್ಚಬೇಡಿ. ಆಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಹೆಡ್ ಬದಲಾಯಿಸೋದು ಹೇಗೆ?

ಇದು ಮನೆಯಲ್ಲಿ ಮಾಡುವ ಕೆಲಸ ಅಲ್ಲ. ಕಲಿತ ಮೆಕ್ಯಾನಿಕ್ ಮಾಡಬೇಕು. ಆದರೆ ಏನೇನು ಮಾಡುತ್ತಾರೆ ಅಂತ ನಮಗೆ ಗೊತ್ತಿರಬೇಕು.

ಮೊದಲು ಎಂಜಿನ್ ತಣ್ಣಗಿರಬೇಕು. ಬಿಸಿ ಇರುವಾಗಲೇ ಬಿಚ್ಚಿದರೆ ಹೆಡ್ ಇನ್ನೂ ಬಾಗುತ್ತೆ. ಬ್ಯಾಟರಿಯ ವೈರು ಬಿಚ್ಚುತ್ತಾರೆ. ಪೆಟ್ರೋಲು ಇರುವ ಜಾಗ. ಅಲ್ಲಿ ಯಾರೂ ಬೀಡಿ ಸೇದಬಾರದು.

ಆಮೇಲೆ ಕೂಲೆಂಟ್ ನೀರನ್ನು ಬಸಿದು ಪಾತ್ರೆಗೆ ಹಿಡಿಯುತ್ತಾರೆ. ಇದನ್ನು ಅಂಗಳದಲ್ಲಿ ಚೆಲ್ಲಬಾರದು. ಕೂಲೆಂಟ್ ಸಿಹಿಯಾಗಿರುತ್ತೆ, ಆದರೆ ವಿಷ. ದನ, ನಾಯಿ, ಕೋಳಿ ಕುಡಿದರೆ ಸಾಯುತ್ತವೆ. ಮಕ್ಕಳ ಕೈಗೆ ಸಿಗಬಾರದು.

ಮುಂದೆ ಪೈಪುಗಳನ್ನು, ವೈರುಗಳನ್ನು ಬಿಚ್ಚಿ ಗುರುತು ಕಟ್ಟುತ್ತಾರೆ. ಒಂದು ಹಲ್ಲಿನ ಬೆಲ್ಟ್ ಇದೆ. ಅದು ಟೈಮಿಂಗ್ ಬೆಲ್ಟ್. ನಿಮ್ಮಲ್ಲಿ ಹೊಲಿಗೆ ಕಲಿತವರು ಇರಬಹುದು. ಹೊಲಿಗೆ ಯಂತ್ರದಲ್ಲಿ ಮೇಲಿನ ಸೂಜಿ, ಕೆಳಗಿನ ಬಾಬಿನ್ ಹೊಂದಿಕೊಂಡು ನಡೆಯಬೇಕು. ತಪ್ಪಿದರೆ ಹೊಲಿಗೆ ಬೀಳೋದಿಲ್ಲ. ಹಾಗೆಯೇ ಕೆಳಗೆ ಪಿಸ್ಟನ್, ಮೇಲೆ ವಾಲ್ವ್ ಹೊಂದಿಕೊಂಡು ನಡೆಯಬೇಕು. ಹೊಂದಿಸುವ ಕೆಲಸ ಈ ಬೆಲ್ಟಿನದು. ಬಿಚ್ಚುವ ಮುಂಚೆ ಇದರ ಗುರುತುಗಳನ್ನು ಸರಿಯಾಗಿ ನೋಡಿಕೊಳ್ಳಬೇಕು.

ಈಗ ಹೆಡ್ಡಿನ ಬೋಲ್ಟುಗಳು. ಅಂಚಿನಿಂದ ಶುರು ಮಾಡಿ ನಡುವಿನ ಕಡೆಗೆ, ಸ್ವಲ್ಪ ಸ್ವಲ್ಪವೇ ಸಡಿಲ ಮಾಡುತ್ತಾರೆ. ಆಮೇಲೆ ಹೆಡ್ಡನ್ನು ಎತ್ತುತ್ತಾರೆ.

ಇಲ್ಲಿದೆ ಮುಖ್ಯ ಕೆಲಸ

ತೆಗೆದ ಹೆಡ್ಡನ್ನು ತೊಳೆದು ಪರೀಕ್ಷೆ ಮಾಡಬೇಕು. ಹೆಡ್ಡಿನ ಕೆಳಮೈ ಮೇಲೆ ನೇರವಾದ ಉಕ್ಕಿನ ಪಟ್ಟಿ ಇಡುತ್ತಾರೆ. ಪಟ್ಟಿಗೂ ಹೆಡ್ಡಿಗೂ ನಡುವೆ ಸಂದು ಇದೆಯೇ ಅಂತ ಫೀಲರ್ ಗೇಜ್ ಎಂಬ ತೆಳ್ಳನೆಯ ತಗಡು ತೂರಿಸಿ ನೋಡುತ್ತಾರೆ. ಎಷ್ಟು ಸಂದು ಇರಬಹುದು? ಒಂದು ಮಿಲ್ಲಿಮೀಟರನ್ನು ಇಪ್ಪತ್ತು ಪಾಲು ಮಾಡಿ. ಅದರಲ್ಲಿ ಒಂದು ಪಾಲು. ಅಂದರೆ ಸುಮಾರು ಒಂದು ತಲೆಗೂದಲಿನಷ್ಟು. ಅದಕ್ಕಿಂತ ಹೆಚ್ಚಿದ್ದರೆ ಹೆಡ್ ಬಾಗಿದೆ. ಇದು ಬರಿಗಣ್ಣಿಗೆ ಕಾಣೋದಿಲ್ಲ. "ನೋಡಿದರೆ ಸರಿ ಇದೆ" ಅನ್ನೋ ಮಾತು ಸಾಲದು. ಪಟ್ಟಿ ಇಟ್ಟು ನೋಡಬೇಕು.

ಸ್ವಲ್ಪ ಬಾಗಿದ್ದರೆ ಲೇತ್ ಅಂಗಡಿಯಲ್ಲಿ ಉಜ್ಜಿ ಸಮ ಮಾಡುತ್ತಾರೆ. ಇದಕ್ಕೆ ಫೇಸಿಂಗ್ ಅಂತಾರೆ. ಆದರೆ ಉಜ್ಜಿದಷ್ಟೂ ಹೆಡ್ ತೆಳ್ಳಗಾಗುತ್ತೆ. ಹಾಗಾಗಿ ಮತ್ತೆ ಮತ್ತೆ ಉಜ್ಜಲು ಬರೋದಿಲ್ಲ. ಸೀಳು ಇದೆಯೇ ಅಂತಲೂ ನೋಡಬೇಕು. ಒತ್ತಡ ಕೊಟ್ಟು ಪರೀಕ್ಷೆ ಮಾಡಿದರೆ ಕಣ್ಣಿಗೆ ಕಾಣದ ಸೀಳೂ ಗೊತ್ತಾಗುತ್ತೆ. ಬಹಳ ಬಾಗಿದ್ದರೆ, ಕೆಟ್ಟದಾಗಿ ಸೀಳಿದ್ದರೆ ಬೇರೆ ಹೆಡ್ ಹಾಕಬೇಕು.

ಈಗ ತಿಳಿಯಿತೇ? "ಹೆಡ್ ಹೋಗಿದೆ" ಅನ್ನೋ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಕೆಲಸ ಇರಬಹುದು. ಬರೀ ಗ್ಯಾಸ್ಕೆಟ್ ಬದಲಿಸೋದು ಒಂದು. ಹೆಡ್ ಫೇಸಿಂಗ್ ಮಾಡಿಸೋದು ಇನ್ನೊಂದು. ಬೇರೆ ಹೆಡ್ ಹಾಕೋದು ಮತ್ತೊಂದು. ಮೂರರ ಖರ್ಚೂ ಬೇರೆ ಬೇರೆ. ಬೇರೆ ಹೆಡ್ ಅಂದರೂ ಅದು ಹೊಸದೋ, ಗುಜರಿಯಿಂದ ತಂದದ್ದೋ ಕೇಳಬೇಕು. ಗುಜರಿಯದಾದರೆ ಅದನ್ನೂ ಪಟ್ಟಿ ಇಟ್ಟು ನೋಡಬೇಕು.

ಮತ್ತೆ ಜೋಡಿಸೋದು

ಬ್ಲಾಕಿನ ಮೇಲ್ಮೈ ಚೊಕ್ಕಟ ಮಾಡುತ್ತಾರೆ. ಅದೂ ಸಮವಾಗಿದೆಯೇ ಅಂತ ನೋಡುತ್ತಾರೆ. ಬೋಲ್ಟಿನ ತೂತುಗಳಲ್ಲಿ ನೀರು, ಆಯಿಲ್ ನಿಂತಿರಬಾರದು. ಹೊಸ ಗ್ಯಾಸ್ಕೆಟ್ ಇಡುತ್ತಾರೆ. ಒಮ್ಮೆ ಬಿಚ್ಚಿದ ಗ್ಯಾಸ್ಕೆಟ್ಟನ್ನು ಮತ್ತೆ ಹಾಕಲೇಬಾರದು.

ಬೋಲ್ಟು ಬಿಗಿಯುವಾಗ ಮಾತ್ರ ಕ್ರಮ ಉಲ್ಟಾ. ನಡುವಿನಿಂದ ಶುರು ಮಾಡಿ ಅಂಚಿನ ಕಡೆಗೆ ಹೋಗಬೇಕು. ಗೋಡೆಗೆ ಕಾಗದ ಅಂಟಿಸುವಾಗ ನಡುವಿನಿಂದ ಅಂಚಿಗೆ ಒತ್ತುತ್ತೀರಲ್ಲ, ಹಾಗೆ. ಒಂದೇ ಸಲ ಬಿಗಿಯಬಾರದು. ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು. ಎಷ್ಟು ಬಿಗಿ ಬೇಕು ಅಂತ ಕಂಪನಿಯ ಪುಸ್ತಕದಲ್ಲಿ ಬರೆದಿದೆ. ಅದನ್ನು ಅಳೆಯಲು ಟಾರ್ಕ್ ರೆಂಚ್ ಎಂಬ ಪಾನಾ ಇದೆ. ಬರೀ ಕೈ ಅಂದಾಜಿನಲ್ಲಿ ಬಿಗಿದರೆ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಆಗುತ್ತೆ. ಹೆಡ್ ಮತ್ತೆ ಸೋರುತ್ತೆ.

ಬೆಲ್ಟನ್ನು ಗುರುತಿಗೆ ಸರಿಯಾಗಿ ಹಾಕುತ್ತಾರೆ. ವಾಲ್ವ್ ಸಂದು ಹೊಂದಿಸುತ್ತಾರೆ. ಹಳೆಯ ಆಯಿಲ್ ತೆಗೆದು ಹೊಸದು ಹಾಕುತ್ತಾರೆ. ಆಯಿಲ್ ಫಿಲ್ಟರ್ ಬದಲಿಸುತ್ತಾರೆ. ಹೊಸ ಕೂಲೆಂಟ್ ತುಂಬಿ, ಒಳಗೆ ಸಿಕ್ಕಿಕೊಂಡ ಗಾಳಿ ಹೊರಗೆ ಬಿಡುತ್ತಾರೆ. ಆಮೇಲೆ ಎಂಜಿನ್ ಶುರು ಮಾಡಿ ಸೋರಿಕೆ ಇದೆಯೇ, ಫ್ಯಾನು ತಿರುಗುತ್ತದೆಯೇ ಅಂತ ನೋಡುತ್ತಾರೆ.

ಹಣ ಎರಡು ಸಲ ಹೋಗದಿರಲಿ

ಇಷ್ಟೆಲ್ಲ ಮಾಡಿದರೂ ಕೆಲವು ಗಾಡಿಗಳ ಹೆಡ್ ಸ್ವಲ್ಪ ದಿನಕ್ಕೇ ಮತ್ತೆ ಹೋಗುತ್ತೆ. ಯಾಕೆ? ಮೊದಲು ಕಾವು ಏರಿದ್ದು ಯಾವುದರಿಂದ ಅಂತ ಹುಡುಕಿರೋದಿಲ್ಲ. ಕಸ ಕಟ್ಟಿದ ರೇಡಿಯೇಟರ್ ಹಾಗೇ ಇರುತ್ತೆ. ತೂತು ಬಿದ್ದ ಕೊಡಕ್ಕೆ ಹೊಸ ಮುಚ್ಚಳ ಹಾಕಿದರೆ ನೀರು ನಿಲ್ಲುತ್ತದೆಯೇ? ಮೊದಲ ಸಾಲ ತೀರುವ ಮುಂಚೆ ಎರಡನೇ ಸಾಲ ಬರುತ್ತೆ.

ಅದಕ್ಕೇ ಹಣ ಕೊಡುವ ಮುಂಚೆ ಈ ಪ್ರಶ್ನೆಗಳನ್ನು ಕೇಳಿ. ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಈಗ ನಿಮಗೆ ಬರೆಯಲು ಬರುತ್ತದೆಯಲ್ಲ!

ಕಾವು ಏರಿದ್ದು ಯಾವುದರಿಂದ? ಅದನ್ನು ಸರಿ ಮಾಡುತ್ತೀರಾ?

ಹೆಡ್ಡಿಗೆ ಪಟ್ಟಿ ಇಟ್ಟು ನೋಡಿದಿರಾ? ಎಷ್ಟು ಬಾಗಿದೆ?

ಗ್ಯಾಸ್ಕೆಟ್ ಮಾತ್ರವೋ, ಫೇಸಿಂಗೋ, ಬೇರೆ ಹೆಡ್ಡೋ?

ಸಾಮಾನಿಗೆ ಎಷ್ಟು? ಲೇತ್ ಕೆಲಸಕ್ಕೆ ಎಷ್ಟು? ಕೂಲಿ ಎಷ್ಟು?

ಎಷ್ಟು ದಿನದ ಗ್ಯಾರಂಟಿ?

ಸಿಟ್ಟಿನಿಂದ ಕೇಳಬೇಡಿ. ಸಮಾಧಾನವಾಗಿ ಕೇಳಿ. ಕೆಲಸ ಬಲ್ಲ ಮೆಕ್ಯಾನಿಕ್ ಸಂತೋಷದಿಂದ ಹೇಳುತ್ತಾನೆ. ತೆಗೆದ ಹಳೆಯ ಸಾಮಾನು ತೋರಿಸಲು ಹೇಳಿ. ರಶೀದಿ ಕೇಳಿ ತೆಗೆದುಕೊಳ್ಳಿ. ರಶೀದಿಯಲ್ಲಿ ಗಾಡಿಯ ನಂಬರು, ತಾರೀಕು, ಒಂದೊಂದು ಸಾಮಾನಿನ ಹೆಸರು, ಬೆಲೆ ಇರಬೇಕು. ಓದಿ ನೋಡಿ. ಕೂಡಿಸಿ ನೋಡಿ. ಮೋಸ ಆಯಿತು ಅನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ. ಅದರ ನಂಬರು 1915. ರಶೀದಿ ಇದ್ದರೆ ನಿಮ್ಮ ಮಾತಿಗೆ ಬಲ ಬರುತ್ತೆ.

ನೆನಪಿಡಿ

ವಾರಕ್ಕೊಮ್ಮೆ, ಎಂಜಿನ್ ತಣ್ಣಗಿರುವಾಗ, ನೀರು ಮತ್ತು ಆಯಿಲ್ ನೋಡಬೇಕು.

ಮುಳ್ಳು ಮೇಲೆ ಹೋದರೆ ಗಾಡಿ ನಿಲ್ಲಿಸಬೇಕು.

ಬಿಸಿ ರೇಡಿಯೇಟರ್ ಮುಚ್ಚಳ ಮುಟ್ಟಬಾರದು.

ಕಾರಣ ಹುಡುಕದೆ ಹೆಡ್ ರಿಪೇರಿ ಮಾಡಿಸಬಾರದು.

ಕೂಡಿ ಮಾತಾಡೋಣ

1. ಕುಕ್ಕರಿನ ರಬ್ಬರಿಗೂ ಹೆಡ್ ಗ್ಯಾಸ್ಕೆಟ್ಟಿಗೂ ಇರುವ ಹೋಲಿಕೆ ಏನು? ವ್ಯತ್ಯಾಸ ಏನು?

2. ನಿಮ್ಮ ಮನೆಯಲ್ಲಿ ಗಾಡಿ, ಪಂಪ್‌ಸೆಟ್, ಮಿಕ್ಸಿ ರಿಪೇರಿ ಮಾಡಿಸಿದಾಗ ರಶೀದಿ ಕೊಟ್ಟಿದ್ದರೇ? ಇದ್ದರೆ ತಂದು ತರಗತಿಯಲ್ಲಿ ಓದಿ. ಮೊತ್ತ ಸರಿಯೇ ನೋಡಿ.

3. ಹತ್ತನೇ ತರಗತಿ ಪಾಸಾದವರು ಐ.ಟಿ.ಐ.ಯಲ್ಲಿ ಮೋಟಾರು ಮೆಕ್ಯಾನಿಕ್ ಕೆಲಸ ಕಲಿಯಬಹುದು. ಎರಡು ವರ್ಷದ ತರಬೇತಿ. ಹೆಣ್ಣುಮಕ್ಕಳೂ ಸೇರಬಹುದು. ನಿಮ್ಮ ಮಗಳು ಸೇರುತ್ತೇನೆ ಅಂದರೆ ನೀವು ಏನು ಹೇಳುತ್ತೀರಿ?