ಬಿಸಿಲು ಎಷ್ಟು ಕೈಗಳಿಗೆ ಕೆಲಸ ಕೊಡುತ್ತದೆ?

ತುಮಕೂರು ಜಿಲ್ಲೆಯ ಪಾವಗಡ ಅಂದರೆ ಬರ, ಫ್ಲೋರೈಡ್ ನೀರು, ಗುಳೆ ಎಂದೇ ನಾಡಿಗೆ ಪರಿಚಯ. ಆ ತಾಲ್ಲೂಕಿನ ತಿರುಮಣಿ, ವಳ್ಳೂರು ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ, ಹಿಂದೆ ಮಳೆ ನಂಬಿ ಕಡಲೆಕಾಯಿ ಬಿತ್ತುತ್ತಿದ್ದ ಹೊಲಗಳಲ್ಲಿ, ಈಗ ಕಣ್ಣು ಹಾಯುವಷ್ಟು ದೂರ ಸೌರ ಫಲಕಗಳಿವೆ. 2018ರಲ್ಲಿ ಮೊದಲ ಹಂತ ಉದ್ಘಾಟನೆಯಾಯಿತು. 2019ರ ಕೊನೆಯ ಹೊತ್ತಿಗೆ 2,050 ಮೆಗಾವಾಟ್‌ನ ಪೂರ್ಣ ಸಾಮರ್ಥ್ಯಕ್ಕೆ ಬಂತು. ಸರ್ಕಾರ ಇಲ್ಲಿ ಮಾಡಿದ ಒಂದು ಒಳ್ಳೆಯ ಕೆಲಸವೆಂದರೆ ರೈತರ ಜಮೀನನ್ನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಮಳೆ ಕೈಕೊಟ್ಟ ವರ್ಷವೂ ಪಹಣಿ ಇದ್ದವರ ಖಾತೆಗೆ ಹಣ ಬರುತ್ತದೆ.

ಪಹಣಿ ಇಲ್ಲದವರಿಗೆ? ಕಳೆ ಕೀಳುವ, ಕಾಯಿ ಬಿಡಿಸುವ ಕೂಲಿಯನ್ನೇ ನಂಬಿದ್ದ ಭೂರಹಿತ ಕುಟುಂಬಗಳಿಗೆ ಹೊಲದ ಜೊತೆ ಕೆಲಸವೂ ಹೋಯಿತು. ಸ್ಥಾವರ ಕಟ್ಟುವಾಗ ಒಂದೆರಡು ವರ್ಷ ಗುಂಡಿ ತೋಡುವ, ಕಂಬ ನಿಲ್ಲಿಸುವ ಕೆಲಸ ಬೇಕಾದಷ್ಟು ಇತ್ತು. ಕಟ್ಟಿ ಮುಗಿದ ಮೇಲೆ ಊರಿನವರಿಗೆ ಉಳಿದದ್ದು ಕಾವಲು, ಹುಲ್ಲು ಕತ್ತರಿಸುವುದು, ಫಲಕ ತೊಳೆಯುವುದು. ಅದೂ ಕೆಲವರಿಗೆ ಮಾತ್ರ.

ಇದಕ್ಕೆ ಯಾರ ದುರುದ್ದೇಶವೂ ಕಾರಣವಲ್ಲ, ಕಾರಣ ಫಲಕದೊಳಗಿನ ಸಿಲಿಕಾನ್‌ನ ಗುಣದಲ್ಲೇ ಇದೆ. ಬೆಳಕಿನ ಕಣವೊಂದು ಸಿಲಿಕಾನ್ ಬಿಲ್ಲೆಗೆ ಬಡಿದರೆ ಅಲ್ಲಿನ ಎಲೆಕ್ಟ್ರಾನ್ ಸಡಿಲಗೊಂಡು ಹರಿಯುತ್ತದೆ. ಕರೆಂಟು ಹುಟ್ಟುವುದು ಹಾಗೆ. ಕಲ್ಲಿದ್ದಲು ಅಗೆಯಬೇಕಿಲ್ಲ, ಬೂದಿ ಸಾಗಿಸಬೇಕಿಲ್ಲ, ತಿರುಗುವ ಟರ್ಬೈನ್‌ಗೆ ಎಣ್ಣೆ ಹಾಕಬೇಕಿಲ್ಲ. ಸೌರಶಕ್ತಿ ಅಗ್ಗವಾಗಿರುವುದಕ್ಕೂ ದೊಡ್ಡ ಸೌರ ಸ್ಥಾವರದಲ್ಲಿ ಜನರಿಗೆ ಹೆಚ್ಚು ಕೆಲಸವಿಲ್ಲದಿರುವುದಕ್ಕೂ ಕಾರಣ ಒಂದೇ.

ಹಾಗಾದರೆ ಹಸಿರು ಆರ್ಥಿಕತೆಯಿಂದ ಕೋಟಿಗಟ್ಟಲೆ ಉದ್ಯೋಗ ಎಂಬ ಮಾತು ಸುಳ್ಳೇ? ಸುಳ್ಳಲ್ಲ. ಆದರೆ ಆ ಉದ್ಯೋಗ ಎಲ್ಲಿ ಹುಟ್ಟುತ್ತದೆ ಎಂಬುದನ್ನು ಸರಿಯಾಗಿ ನೋಡಬೇಕು. ದೆಹಲಿಯ ಸಂಶೋಧನಾ ಸಂಸ್ಥೆ ಸಿಇಇಡಬ್ಲ್ಯು ಮತ್ತು ಅದರ ಸಹಭಾಗಿಗಳು ನಮ್ಮ ದೇಶದ ಕಂಪನಿಗಳಿಂದಲೇ ಮಾಹಿತಿ ಕಲೆಹಾಕಿ ಲೆಕ್ಕ ಹಾಕಿದ್ದಾರೆ. ಒಬ್ಬರಿಗೆ ವರ್ಷಪೂರ್ತಿ ಸಿಗುವ ಕೆಲಸವನ್ನು ಒಂದು ‘ಉದ್ಯೋಗ-ವರ್ಷ’ ಎಂದಿಟ್ಟುಕೊಂಡರೆ, ನೆಲದ ಮೇಲಿನ ದೊಡ್ಡ ಸೌರ ಸ್ಥಾವರದ ಒಂದು ಮೆಗಾವಾಟ್‌ಗೆ ಸಿಗುವುದು ಸುಮಾರು ಮೂರೂವರೆ ಉದ್ಯೋಗ-ವರ್ಷ. ಅದೇ ಒಂದು ಮೆಗಾವಾಟನ್ನು ಮನೆ, ಅಂಗಡಿ, ಶಾಲೆಗಳ ಚಾವಣಿಗೆ ಹಂಚಿದರೆ ಸುಮಾರು 25. ಫಲಕ ಅದೇ, ಬಿಸಿಲೂ ಅದೇ, ಕೆಲಸ ಮಾತ್ರ ಏಳು ಪಟ್ಟು.

ಪಾವಗಡದಲ್ಲಿ ಒಂದು ಮೆಗಾವಾಟ್‌ಗೆ ಆರು ಎಕರೆಗಿಂತ ಸ್ವಲ್ಪ ಹೆಚ್ಚು ಸಮತಟ್ಟು ನೆಲ ಹಿಡಿದಿದೆ. ಒಂದು ನಕ್ಷೆ ಬರೆದರೆ ಸಾವಿರಾರು ಫಲಕಗಳನ್ನು ಅದೇ ಅಳತೆಯಲ್ಲಿ ಕೂರಿಸಿಕೊಂಡು ಹೋಗಬಹುದು. ಚಾವಣಿಯ ಮೇಲೆ ಅದೇ ಒಂದು ಮೆಗಾವಾಟ್ ಬೇಕಾದರೆ 2 ಕಿಲೋವಾಟ್‌ನ 500 ಮನೆ ಹತ್ತಬೇಕು. 500 ಮನೆಗಳಲ್ಲಿ ಒಂದು ಇನ್ನೊಂದರ ಹಾಗಿರುವುದಿಲ್ಲ. ಒಂದು ಆರ್‌ಸಿಸಿ, ಇನ್ನೊಂದು ಹೆಂಚು, ಮತ್ತೊಂದು ಶೀಟು. ಒಂದರ ದಕ್ಷಿಣಕ್ಕೆ ಪಕ್ಕದವರ ನೀರಿನ ಟ್ಯಾಂಕು, ಇನ್ನೊಂದರ ಪಶ್ಚಿಮಕ್ಕೆ ತೆಂಗಿನ ಮರ.

ಆ ತೆಂಗಿನ ಗರಿಯ ನೆರಳು ಸಣ್ಣ ವಿಷಯವಲ್ಲ. ಒಂದು ಫಲಕದಲ್ಲಿ ಹತ್ತಾರು ಬಿಲ್ಲೆಗಳನ್ನು ಒಂದರ ಹಿಂದೊಂದು ಜೋಡಿಸಿರುತ್ತಾರೆ. ಒಂದೇ ಬಿಲ್ಲೆಗೆ ನೆರಳು ಕವಿದರೂ ಕಾಲುವೆಗೆ ಕೊರಡು ಅಡ್ಡಬಿದ್ದ ಹಾಗೆ ಇಡೀ ಸಾಲಿನ ಹರಿವು ಕುಗ್ಗುತ್ತದೆ. ಆ ಬಿಲ್ಲೆ ಕಾದು ಸುಡಲೂಬಹುದು. ಇದನ್ನು ತಡೆಯಲು ಫಲಕದ ಹಿಂದಿನ ಡಬ್ಬಿಯಲ್ಲಿ ಬೈಪಾಸ್ ಡಯೋಡ್ ಇರುತ್ತದೆ. ಅದು ತೊಂದರೆಯಾದ ಭಾಗವನ್ನು, ಅಂದರೆ ಸಾಮಾನ್ಯವಾಗಿ ಫಲಕದ ಮೂರನೇ ಒಂದು ಪಾಲನ್ನು, ಬದಿಗೆ ಸರಿಸಿ ಉಳಿದದ್ದನ್ನು ಕಾಪಾಡುತ್ತದೆ. ಹೀಗೆ ಅಂಗೈ ಅಗಲದ ನೆರಳು ಮೂರನೇ ಒಂದು ಭಾಗದ ಕರೆಂಟನ್ನು ತಿಂದುಹಾಕಬಹುದು. ಬಿಸಿಯೂ ಹಾಗೆಯೇ. ಫಲಕದ ಮೇಲೆ ಬರೆದಿರುವ ವಾಟ್ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದದ್ದು. ನಮ್ಮ ಏಪ್ರಿಲ್ ಮಧ್ಯಾಹ್ನ ಅದು 60 ಡಿಗ್ರಿಗೆ ಕಾಯುತ್ತದೆ. ಪ್ರತಿ ಡಿಗ್ರಿಗೆ ಶೇ 0.4ರಷ್ಟು ಕಳೆದರೂ ಶೇ 14 ಹೋಯಿತು. ಫಲಕದ ಅಡಿಗೆ ಗಾಳಿ ಆಡುವಂತೆ ಒಂದಿಷ್ಟು ಎತ್ತರಿಸಿ ಕೂರಿಸುವವರಿಗೂ ಶೀಟಿಗೆ ಅಂಟಿಸಿ ಹೋಗುವವರಿಗೂ ಇರುವ ವ್ಯತ್ಯಾಸ ಗೊತ್ತಾಗುವುದು ಇಲ್ಲೇ.

ಡಿಸೆಂಬರ್‌ನ ಸೂರ್ಯ ಎಷ್ಟು ತಗ್ಗಿನಲ್ಲಿ ಸಾಗುತ್ತಾನೆ, ಆಗ ಟ್ಯಾಂಕಿನ ನೆರಳು ಎಲ್ಲಿಯವರೆಗೆ ಚಾಚುತ್ತದೆ, ಅರ್ಥಿಂಗ್ ಎಲ್ಲಿ ಇಳಿಸಬೇಕು ಎಂಬುದನ್ನು ಬೆಂಗಳೂರಿನಲ್ಲಿ ಕುಳಿತು ತೀರ್ಮಾನಿಸಲು ಆಗುವುದಿಲ್ಲ. ಚಾವಣಿ ಹತ್ತಿ ನೋಡುವ, ಆರು ತಿಂಗಳ ಮೇಲೆ ಕರೆದರೆ ಬರುವಷ್ಟು ಹತ್ತಿರದಲ್ಲಿರುವ ಒಬ್ಬ ಹುಡುಗನೋ ಹುಡುಗಿಯೋ ಬೇಕು. 25 ಎಂಬ ಅಂಕಿಯ ಹಿಂದಿರುವುದು ಇಷ್ಟೇ.

ಕರೆಂಟು ಮಾಡುವ ಕಡೆ ಹುಟ್ಟುವ ಉದ್ಯೋಗದ ಮಾತಾಯಿತು. ಅದಕ್ಕಿಂತ ದೊಡ್ಡ ಅವಕಾಶ ಕರೆಂಟು ಬಳಸುವ ಕಡೆ ಇದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಮನೆಯ ಸಾಮಾನ್ಯ ಸೀಲಿಂಗ್ ಫ್ಯಾನನ್ನೇ ತೆಗೆದುಕೊಳ್ಳಿ. ಹಳೆಯ ಫ್ಯಾನಿಗೆ 75 ವಾಟ್ ಬೇಕು. ಬಿಎಲ್‌ಡಿಸಿ ಎಂಬ ಹೊಸ ಬಗೆಯ ಮೋಟರಿನ ಫ್ಯಾನಿಗೆ ಸುಮಾರು 30 ವಾಟ್ ಸಾಕು. ಎಂಟು ಗಂಟೆ ತಿರುಗಿಸಿದರೆ ಒಂದಕ್ಕೆ 600 ವಾಟ್-ಗಂಟೆ, ಇನ್ನೊಂದಕ್ಕೆ 240. ನಮ್ಮ ಬಿಸಿಲಿನಲ್ಲಿ ಒಂದು ಕಿಲೋವಾಟ್ ಫಲಕ ದಿನಕ್ಕೆ ನಾಲ್ಕು ಯೂನಿಟ್ (ಕಿಲೋವಾಟ್-ಗಂಟೆ) ಕೊಡುತ್ತದೆ ಎಂದು ಹಿಡಿದರೆ, ಮೊದಲನೆಯದಕ್ಕೆ 150 ವಾಟ್‌ನ ಫಲಕ ಬೇಕು, ಎರಡನೆಯದಕ್ಕೆ 60 ವಾಟ್‌ನದು ಸಾಕು. ಬ್ಯಾಟರಿಯೂ ಅದೇ ಪ್ರಮಾಣದಲ್ಲಿ ಚಿಕ್ಕದಾಗುತ್ತದೆ. ಈ ಬಗೆಯ ವ್ಯವಸ್ಥೆಯಲ್ಲಿ ಪದೇ ಪದೇ ಬದಲಿಸಬೇಕಾಗಿ ಬಂದು ಕೈ ಕಚ್ಚುವುದು ಬ್ಯಾಟರಿಯೇ.

ಈಗ ಇದೇ ಲೆಕ್ಕವನ್ನು ಕಾಲಿನಲ್ಲಿ ಹೊಲಿಗೆ ಯಂತ್ರ ತುಳಿಯುವ ಹಳ್ಳಿಯ ಮಹಿಳೆಗೆ ಹಾಕಿ. ದಿನವಿಡೀ ದುಡಿಯುವ ಆರೋಗ್ಯವಂತರ ದೇಹದಿಂದ ಹೊರಡುವ ಸರಾಸರಿ ಶಕ್ತಿ ಸುಮಾರು 75 ವಾಟ್. ಅಂದರೆ ಸಂಜೆಯವರೆಗೆ ಮಂಡಿ ಸವೆಸಿ ತುಳಿದರೂ ಆಗುವುದು ಅರ್ಧ ಯೂನಿಟ್ಟಿನ ಆಸುಪಾಸು. ಹಳೆಯ ಕ್ಲಚ್ ಮೋಟರು ಹಾಕಿದರೆ ಕಾಲುನೋವು ತಪ್ಪುತ್ತದೆ, ಆದರೆ ಸ್ವಿಚ್ ಒತ್ತಿದ ಮೇಲೆ ಹೊಲಿದರೂ ಹೊಲಿಯದಿದ್ದರೂ ಅದು ತಿರುಗುತ್ತಲೇ ಇರುತ್ತದೆ. ಹೊಸ ಬಿಎಲ್‌ಡಿಸಿ ಮೋಟರಿನಲ್ಲಿ ಸವೆಯುವ ಬ್ರಶ್ ಇಲ್ಲ. ತಿರುಗುವ ಭಾಗದಲ್ಲಿ ಕಾಯಂ ಅಯಸ್ಕಾಂತವಿದ್ದು, ಯಾವ ಸುರುಳಿಗೆ ಯಾವಾಗ ಕರೆಂಟು ಬಿಡಬೇಕೆಂದು ಸಣ್ಣ ಸರ್ಕ್ಯೂಟ್ ತೀರ್ಮಾನಿಸುತ್ತದೆ. ಪೆಡಲ್ ಒತ್ತಿದಾಗ ತಿರುಗುತ್ತದೆ, ಬಿಟ್ಟಾಗ ನಿಲ್ಲುತ್ತದೆ. ಸಣ್ಣದೊಂದು ಫಲಕದಿಂದ ಅದು ನಡೆಯುತ್ತದೆ. ಹಬ್ಬದ ಮುನ್ನಾದಿನ ಬ್ಲೌಸ್‌ಗಳು ರಾಶಿ ಬಿದ್ದಿರುವಾಗ ಕರೆಂಟು ಹೋದರೂ ಕೆಲಸ ನಿಲ್ಲುವುದಿಲ್ಲ. ಗಿರಾಕಿ ಮುಂದಿನ ಊರಿಗೆ ಹೋಗುವುದಿಲ್ಲ.

1995ರಲ್ಲಿ ಸೌರಶಕ್ತಿ ಕಂಪನಿ ಸೆಲ್ಕೋ ಕಟ್ಟಿದವರಲ್ಲಿ ಒಬ್ಬರಾದ ಹರೀಶ್ ಹಂದೆ ಈ ದಾರಿಯನ್ನು ಬಹಳ ಹಿಂದೆಯೇ ಹಿಡಿದವರು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ತಿಂಗಳಿಗೆ 300 ರೂಪಾಯಿ ಕಟ್ಟಲು ಆಗದು, ದಿನಕ್ಕೆ ಹತ್ತು ರೂಪಾಯಿಯಾದರೆ ಆದೀತು ಎಂದು ಬೀದಿ ವ್ಯಾಪಾರಿಯೊಬ್ಬರು ಹೇಳಿದ್ದನ್ನು ಅವರು ಅನೇಕ ಕಡೆ ನೆನೆದಿದ್ದಾರೆ. ಎರಡೂ ಒಂದೇ ಮೊತ್ತ. ಆದರೆ ದಿನಗೂಲಿಯವರ ಕೈಯಲ್ಲಿ ಹಣ ಓಡಾಡುವುದು ದಿನದ ಲೆಕ್ಕದಲ್ಲಿ. ಸೆಲ್ಕೋ ಗ್ರಾಮೀಣ ಬ್ಯಾಂಕುಗಳನ್ನು ಜೊತೆಗೆ ಸೇರಿಸಿಕೊಂಡು, ಗಳಿಕೆಗೆ ಹೊಂದುವಂತೆ ಕಂತು ಕಟ್ಟುವ ವ್ಯವಸ್ಥೆ ಮಾಡಿತು. ಮೊದಲಿಗೆ ದೀಪ ಹಚ್ಚಿದವರು ಈಗ ರೊಟ್ಟಿ ತಟ್ಟುವ ಯಂತ್ರ, ಕುಲುಮೆಗೆ ಗಾಳಿ ಊದುವ ಫ್ಯಾನು, ಹಾಲು ಕರೆಯುವ ಯಂತ್ರ, ಕುಂಬಾರರ ತಿರುಗಣೆಗಳಿಗೂ ಬಿಸಿಲನ್ನು ಜೋಡಿಸಿದ್ದಾರೆ. ಕಮ್ಮಾರರ ಮನೆಯಲ್ಲಿ ತಿದಿ ಒತ್ತಲೆಂದೇ ಹೆಂಡತಿಯೋ ಮಕ್ಕಳೋ ಹೊಗೆಯಲ್ಲಿ ಕೂರಬೇಕಾಗಿತ್ತು. ಒಂದು ಪುಟ್ಟ ಫ್ಯಾನು ಆ ಜೀವವನ್ನು ಅಲ್ಲಿಂದ ಬಿಡಿಸಿದರೆ, ಅದು ವಾಟ್‌ನಲ್ಲಿ ಅಳೆಯಲಾಗದ ಲಾಭ.

ಜಾಗತಿಕ ಲೆಕ್ಕದಲ್ಲಿ ಇವೆಲ್ಲ ಕಾಣುವುದೇ ಇಲ್ಲ. ನವೀಕರಿಸಬಹುದಾದ ಇಂಧನ ಕ್ಷೇತ್ರದಲ್ಲಿ 2023ರಲ್ಲಿ ಪ್ರಪಂಚದಾದ್ಯಂತ 1.62 ಕೋಟಿ ಉದ್ಯೋಗಗಳಿದ್ದವು, ಭಾರತದಲ್ಲಿ ಸುಮಾರು 10 ಲಕ್ಷ ಎಂದು ಅಂತರರಾಷ್ಟ್ರೀಯ ಸಂಸ್ಥೆ ಐರೀನಾ ಹೇಳುತ್ತದೆ. ಸಿಂಹಪಾಲು ಚೀನಾದ್ದು, ಏಕೆಂದರೆ ಹೆಚ್ಚಿನ ಫಲಕ ತಯಾರಾಗುವುದು ಅಲ್ಲಿ. ಬಿಸಿಲಿನಿಂದ ತನ್ನ ರೊಟ್ಟಿ ವ್ಯಾಪಾರ ಬೆಳೆಸಿ ಇಬ್ಬರಿಗೆ ಕೂಲಿ ಕೊಡುತ್ತಿರುವ ಮಹಿಳೆಯನ್ನು ಹಸಿರು ಉದ್ಯೋಗದ ಪಟ್ಟಿಗೆ ಯಾರೂ ಸೇರಿಸುವುದಿಲ್ಲ. ಸೇರಿಸಬೇಕು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಹಸಿರು ಎಂಬ ಚೀಟಿ ಅಂಟಿಸಿದ ಕೆಲಸವೆಲ್ಲ ಶುದ್ಧವಲ್ಲ. ಹಳೆಯ ಸೀಸದ ಬ್ಯಾಟರಿಗಳನ್ನು ಬಯಲಲ್ಲಿ ಒಡೆದು ಕರಗಿಸುವ ಕಡೆ ಸೀಸದ ಹೊಗೆ ಮಕ್ಕಳ ಮಿದುಳಿಗೇ ಏಟು ಕೊಡುತ್ತದೆ. ಫಲಕಗಳ ಆಯಸ್ಸೂ ಸುಮಾರು 25 ವರ್ಷ. 2022ರ ನಿಯಮಗಳು ಬ್ಯಾಟರಿಯನ್ನೂ ಫಲಕವನ್ನೂ ತಯಾರಕರ ಹೊಣೆಗೆ ತಂದಿವೆ. ಹಳೆಯ ಫಲಕಗಳಿಂದ ಗಾಜು, ಅಲ್ಯೂಮಿನಿಯಂ, ಬೆಳ್ಳಿಯನ್ನು ಸುರಕ್ಷಿತವಾಗಿ ಬೇರ್ಪಡಿಸುವುದು ಮುಂದಿನ ದೊಡ್ಡ ಉದ್ಯಮವಾಗಲಿದೆ. ಅದನ್ನು ಗುಜರಿಯ ಮಟ್ಟದಲ್ಲೇ ಬಿಟ್ಟರೆ ನಾವು ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ದಾರಿಗಳು ಈಗಾಗಲೇ ಇವೆ. ಐಟಿಐ, ಡಿಪ್ಲೊಮಾ ಮುಗಿಸಿದವರಿಗೆ 2015ರಿಂದ ‘ಸೂರ್ಯಮಿತ್ರ’ ತರಬೇತಿ ಇದೆ. 2024ರಲ್ಲಿ ಶುರುವಾದ ‘ಪಿಎಂ ಸೂರ್ಯ ಘರ್’ ಯೋಜನೆಯಲ್ಲಿ ಒಂದು ಕೋಟಿ ಮನೆಗಳ ಗುರಿಯಿದೆ, 3 ಕಿಲೋವಾಟ್‌ಗೆ 78,000 ರೂಪಾಯಿವರೆಗೆ ಸಹಾಯಧನವಿದೆ. ಆ ಕೋಟಿ ಚಾವಣಿ ಹತ್ತುವವರು ನಮ್ಮ ಹುಡುಗರೇ ಆಗಬೇಕಾದರೆ ಪ್ರತಿ ತಾಲ್ಲೂಕಿನ ಐಟಿಐ ಅಂಗಳದಲ್ಲಿ ನಾಲ್ಕು ಫಲಕಗಳಾದರೂ ಇರಬೇಕು. ದರ್ಜಿ, ಕಮ್ಮಾರ, ಕುಂಬಾರ ಸೇರಿ 18 ಕಸುಬುಗಳಿಗೆ 2023ರಲ್ಲಿ ಬಂದ ‘ಪಿಎಂ ವಿಶ್ವಕರ್ಮ’ ಯೋಜನೆಯಲ್ಲಿ ಉಪಕರಣಕ್ಕೆ 15,000 ರೂಪಾಯಿ, ಶೇ 5ರ ಬಡ್ಡಿಯಲ್ಲಿ ಎರಡು ಕಂತಿನಲ್ಲಿ 3 ಲಕ್ಷದವರೆಗೆ ಸಾಲ ಸಿಗುತ್ತದೆ. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇಂಥ ಕಸುಬಿನವರಿದ್ದರೆ ಅವರ ಜೊತೆ ಒಮ್ಮೆ ಬ್ಯಾಂಕಿಗೆ ಹೋಗಿ. ಯಂತ್ರ, ಕಡಿಮೆ ವಾಟ್‌ನ ಮೋಟರು, ಫಲಕ ಮೂರನ್ನೂ ಒಂದೇ ಕೊಟೇಶನ್ನಿನಲ್ಲಿ ಬರೆಸಿ ಸಾಲ ಕೇಳಿ.